ಗಾರ್ಡನ್‌ನ ಟೂರ್ನಿಯನ್ನು ಎದುರಾಳಿಗೇ ಮಾರಿದ ಕಥೆ: ಎನ್‌ಐಟಿ ದಾವೆಯ ಪ್ರಕರಣ ಅಧ್ಯಯನ

2005ರ ಆಗಸ್ಟ್ 17. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿರುವ ಫೆಡರಲ್ ಕೋರ್ಟಿನಲ್ಲಿ ಒಂದು ದಾವೆಯ ವಿಚಾರಣೆ ನಡೆಯುತ್ತಿತ್ತು. ಒಂದು ಕಡೆ ಐದು ಕಾಲೇಜುಗಳು ಸೇರಿ ನಡೆಸುತ್ತಿದ್ದ ಸಣ್ಣ ಸಂಘ. ಇನ್ನೊಂದು ಕಡೆ ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ. ನಾಲ್ಕು ವರ್ಷ ಎಳೆದುಕೊಂಡು ಬಂದಿದ್ದ ಕೇಸು ಅಂದು ಮುಗಿಯಿತು. ತೀರ್ಪು ಬರಲೇ ಇಲ್ಲ, ರಾಜಿ ಆಯಿತು. ಯಾರ ಮೇಲೆ ದಾವೆ ಹೂಡಿದ್ದರೋ ಅವರಿಗೇ ಆ ಐದು ಕಾಲೇಜುಗಳು ತಮ್ಮ ಟೂರ್ನಿಯನ್ನು ಮಾರಿಬಿಟ್ಟವು. ಒಟ್ಟು ಬೆಲೆ 5.65 ಕೋಟಿ ಡಾಲರ್. ಇದರಲ್ಲಿ 4.05 ಕೋಟಿ ಟೂರ್ನಿಗೆ, 1.6 ಕೋಟಿ ದಾವೆ ಬಿಟ್ಟುಕೊಟ್ಟದ್ದಕ್ಕೆ.

ಆ ಟೂರ್ನಿಯ ಹೆಸರು ನ್ಯಾಷನಲ್ ಇನ್ವಿಟೇಷನ್ ಟೂರ್ನಮೆಂಟ್, ಎಲ್ಲರ ಬಾಯಲ್ಲಿ ಎನ್‌ಐಟಿ. ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್ ಮುಗಿದ ಮೇಲೆ, ಆಹ್ವಾನ ಬಂದ ತಂಡಗಳಷ್ಟೇ ಆಡುವ ಟೂರ್ನಿ ಅದು. ಮಾರ್ಚ್ ತಿಂಗಳಲ್ಲಿ ಅಮೆರಿಕ ಇಡೀ ಕಣ್ಣು ನೆಟ್ಟು ನೋಡುವ ಎನ್‌ಸಿಎಎ ಟೂರ್ನಿಗಿಂತ ಇದು ಒಂದು ವರ್ಷ ಹಿರಿಯದು. ಈಗಿನ ಹುಡುಗರಿಗೆ ಕೇಳಿದರೆ ಎನ್‌ಐಟಿ ಅಂದರೆ ದೊಡ್ಡ ಟೂರ್ನಿಗೆ ಆಯ್ಕೆಯಾಗದವರು ಆಡುವ ಜಾಗ ಅನ್ನುತ್ತಾರೆ. ಮೊದಲು ಹಾಗಿರಲಿಲ್ಲ. ಹಾಗಾದದ್ದು ಹೇಗೆ, ಅದರಲ್ಲಿ ಎಷ್ಟು ಪಾಲು ಆಟದ್ದು, ಎಷ್ಟು ಪಾಲು ನಿಯಮದ್ದು ಅನ್ನುವುದೇ ಈ ಪ್ರಕರಣದ ತಿರುಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎನ್‌ಐಟಿ ಹಿಂದೆ ಬೀಳಲು ಹಲವು ಕಾರಣಗಳಿದ್ದವು. ಕೆಲವು ಅದರದ್ದೇ ತಪ್ಪು. ಆದರೆ ಅದು ಮತ್ತೆ ತಲೆ ಎತ್ತದ ಹಾಗೆ ಮಾಡಿದ್ದು ತಂಡಗಳ ಆಯ್ಕೆಯ ಹಕ್ಕನ್ನೇ ಕಿತ್ತುಕೊಂಡ ಒಂದು ನಿಯಮ. ಆ ನಿಯಮ ಕಾನೂನಿಗೆ ಒಪ್ಪುತ್ತದೋ ಇಲ್ಲವೋ ಅಂತ ಕೋರ್ಟು ಹೇಳಬೇಕಿತ್ತು. ರಾಜಿಯಿಂದಾಗಿ ಆ ಉತ್ತರ ಯಾರಿಗೂ ಸಿಗಲಿಲ್ಲ.

ಗಾರ್ಡನ್ ಕಾಲ

1930ರ ದಶಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಯಾ ಊರಿನ ಜಿಮ್‌ಗಳಲ್ಲಿ ನಡೆಯುವ ಆಟ. ಕೆಲವು ನೂರು ಜನ, ಹೆಚ್ಚೆಂದರೆ ಒಂದೆರಡು ಸಾವಿರ. ಇದನ್ನು ಬದಲಾಯಿಸಿದವನು ನೆಡ್ ಐರಿಶ್ ಅನ್ನುವ ಪತ್ರಕರ್ತ. 1934ರ ಡಿಸೆಂಬರ್‌ನಲ್ಲಿ ಅವನು ನ್ಯೂಯಾರ್ಕಿನ ದೊಡ್ಡ ಒಳಾಂಗಣ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ರಾತ್ರಿ ಎರಡು ಕಾಲೇಜು ಪಂದ್ಯ ಇಟ್ಟ. ಹದಿನಾರು ಸಾವಿರಕ್ಕೂ ಜಾಸ್ತಿ ಜನ ಟಿಕೆಟ್ ಕೊಂಡು ಬಂದರು. ಆರ್ಥಿಕ ಕುಸಿತದ ಕಾಲ ಅದು, ನೆನಪಿರಲಿ. ಈ ಆಟಕ್ಕೆ ದುಡ್ಡು ಕೊಡುವ ಜನ ಇದ್ದಾರೆ ಅನ್ನುವುದು ಆ ರಾತ್ರಿ ಗೊತ್ತಾಯಿತು.

ನಾಲ್ಕು ವರ್ಷದ ನಂತರ, 1938ರಲ್ಲಿ, ನ್ಯೂಯಾರ್ಕಿನ ಬ್ಯಾಸ್ಕೆಟ್‌ಬಾಲ್ ವರದಿಗಾರರ ಸಂಘ ದೇಶದ ಬೇರೆ ಬೇರೆ ಕಡೆಯ ಆರು ತಂಡಗಳನ್ನು ಕರೆಸಿ ಗಾರ್ಡನ್‌ನಲ್ಲಿ ಟೂರ್ನಿ ನಡೆಸಿತು. ಫೈನಲ್‌ನಲ್ಲಿ ಟೆಂಪಲ್ ತಂಡ ಕೊಲರಾಡೊವನ್ನು 60-36ರಿಂದ ಸೋಲಿಸಿತು. ಮುಂದಿನ ವರ್ಷ ಕೋಚ್‌ಗಳ ಸಂಘ ತಾನೂ ಒಂದು ಟೂರ್ನಿ ಮಾಡಿತು. ಅದೇ ಇಂದಿನ ಎನ್‌ಸಿಎಎ ಟೂರ್ನಿ. ಮೊದಲ ವರ್ಷ ಅದು ಸುಮಾರು 2,500 ಡಾಲರ್ ನಷ್ಟ ಮಾಡಿಕೊಂಡಿತು. ಗೆದ್ದದ್ದು ಆರೆಗಾನ್. ಆ ವರ್ಷ ಎನ್‌ಐಟಿ ಗೆದ್ದದ್ದು ಲಾಂಗ್ ಐಲೆಂಡ್ ಯೂನಿವರ್ಸಿಟಿ, ಇಡೀ ಸೀಸನ್‌ನಲ್ಲಿ ಒಂದೂ ಪಂದ್ಯ ಸೋಲದ ತಂಡ. ಯಾವ ಗೆಲುವು ದೊಡ್ಡದು ಅಂತ ಆಗ ಕೇಳಿದ್ದರೆ ಬಹಳ ಜನ ಎನ್‌ಐಟಿ ಕಡೆಗೇ ಕೈ ತೋರಿಸುತ್ತಿದ್ದರು.

1940ರಿಂದ ಟೂರ್ನಿಯ ಹೊಣೆ ನ್ಯೂಯಾರ್ಕ್ ಭಾಗದ ಕಾಲೇಜುಗಳ ಕೈಗೆ ಬಂತು. ಮುಂದೆ ದಾವೆ ಹೂಡಿದ್ದು ಇದೇ ಸಂಘ, ಹೆಸರು ಎಂಐಬಿಎ. ಕೊನೆಯಲ್ಲಿ ಅದರಲ್ಲಿದ್ದ ಐದು ಕಾಲೇಜುಗಳು ಫೋರ್ಡಮ್, ಮ್ಯಾನ್‌ಹಟನ್ ಕಾಲೇಜ್, ಸೇಂಟ್ ಜಾನ್ಸ್, ವ್ಯಾಗ್ನರ್ ಮತ್ತು ನ್ಯೂಯಾರ್ಕ್ ಯೂನಿವರ್ಸಿಟಿ. ಕೊನೆಯದು 1971ರಲ್ಲೇ ಮೇಲಿನ ದರ್ಜೆಯ ಬ್ಯಾಸ್ಕೆಟ್‌ಬಾಲ್ ಬಿಟ್ಟಿತ್ತು, ಆದರೂ ಟೂರ್ನಿಯ ಪಾಲುದಾರಿಕೆ ಬಿಟ್ಟಿರಲಿಲ್ಲ.

ಎರಡೂ ಟೂರ್ನಿಗಳು ಸಮಸಮ ಇದ್ದ ಆ ಕಾಲವನ್ನು ಅರ್ಥ ಮಾಡಿಕೊಳ್ಳಬೇಕಾದರೆ 1944ರ ಯೂಟಾ ತಂಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯುದ್ಧದ ಸಮಯ. ಅವರ ಆಟದ ಕಟ್ಟಡವನ್ನು ಸೈನ್ಯ ತೆಗೆದುಕೊಂಡಿತ್ತು. ತಂಡದಲ್ಲಿ ಎಲ್ಲರೂ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರು. ಅವರಲ್ಲಿ ಒಬ್ಬ ವಾಟ್ ಮಿಸಾಕಾ, ಆಗ್ಡೆನ್ ಊರಿನಲ್ಲಿ ಹುಟ್ಟಿ ಬೆಳೆದ ಜಪಾನಿ ಮೂಲದ ಹುಡುಗ. ಅದೇ ಹೊತ್ತಿಗೆ ಅವನಂಥ ಲಕ್ಷಕ್ಕೂ ಹೆಚ್ಚು ಜನರನ್ನು ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಇಂಥ ತಂಡಕ್ಕೆ ಎರಡೂ ಕಡೆಯಿಂದ ಕರೆ ಬಂತು. ಅವರು ಎನ್‌ಐಟಿಯನ್ನೇ ಆರಿಸಿಕೊಂಡರು. ನ್ಯೂಯಾರ್ಕಿಗೆ ಹೋದರು, ಮೊದಲ ಪಂದ್ಯದಲ್ಲೇ ಕೆಂಟಕಿಗೆ ಸೋತರು.

ಅಷ್ಟರಲ್ಲಿ ಎನ್‌ಸಿಎಎ ಟೂರ್ನಿಯಲ್ಲಿ ಆಡಬೇಕಿದ್ದ ಅರ್ಕಾನ್ಸಾ ತಂಡದ ಇಬ್ಬರು ಆಟಗಾರರು ರಸ್ತೆ ಅಪಘಾತದಲ್ಲಿ ಗಾಯಗೊಂಡರು, ತಂಡ ಹಿಂದೆ ಸರಿಯಿತು. ಆ ಜಾಗಕ್ಕೆ ಬರುತ್ತೀರಾ ಅಂತ ಯೂಟಾಗೆ ಕೇಳಿದರು. ಹುಡುಗರು ರೈಲು ಹತ್ತಿ ಕ್ಯಾನ್ಸಸ್ ಸಿಟಿಗೆ ಹೋದರು, ಅಲ್ಲಿ ಗೆದ್ದರು, ಫೈನಲ್‌ಗೆ ಮತ್ತೆ ಅದೇ ಗಾರ್ಡನ್‌ಗೆ ಬಂದರು, ಡಾರ್ಟ್‌ಮತ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 42-40ರಿಂದ ಸೋಲಿಸಿ ಎನ್‌ಸಿಎಎ ಚಾಂಪಿಯನ್ ಆದರು. ಆಮೇಲೆ ರೆಡ್ ಕ್ರಾಸ್ ನಿಧಿಗಾಗಿ ನಡೆದ ಪಂದ್ಯದಲ್ಲಿ ಎನ್‌ಐಟಿ ಗೆದ್ದಿದ್ದ ಸೇಂಟ್ ಜಾನ್ಸ್ ಎದುರು 43-36ರಿಂದ ಗೆದ್ದರು. ಮಿಸಾಕಾ ಮನೆಗೆ ಮರಳಿದಾಗ ಸೈನ್ಯದಿಂದ ಕರೆ ಬಂದಿತ್ತು. 1947ರಲ್ಲಿ ಅವನು ವೃತ್ತಿಪರ ತಂಡವಾದ ನ್ಯೂಯಾರ್ಕ್ ನಿಕ್ಸ್ ಪರ ಆಡಿದ, ಗಾರ್ಡನ್‌ಗೇ ಮರಳಿದ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ತಂಡಕ್ಕಿದ್ದ ಸ್ವಾತಂತ್ರ್ಯ. ಎರಡು ಕರೆ ಬಂತು, ಒಂದನ್ನು ಆರಿಸಿಕೊಂಡರು. ಅಲ್ಲಿ ಸೋತರೂ ಇನ್ನೊಂದರ ಬಾಗಿಲು ಮುಚ್ಚಿರಲಿಲ್ಲ.

ನ್ಯೂಯಾರ್ಕಿನ ತಪ್ಪು

1950ರಲ್ಲಿ ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್ ಒಂದೇ ವರ್ಷ ಎರಡೂ ಟೂರ್ನಿ ಗೆದ್ದಿತು. ಎರಡೂ ಫೈನಲ್‌ನಲ್ಲಿ ಎದುರಾಳಿ ಬ್ರಾಡ್ಲಿ, ಎರಡೂ ನಡೆದದ್ದು ಗಾರ್ಡನ್‌ನಲ್ಲಿ. ಕಾರ್ಮಿಕರ, ವಲಸೆ ಬಂದವರ ಮಕ್ಕಳು ಫೀಸಿಲ್ಲದೆ ಓದುವ ಕಾಲೇಜು ಅದು. ಕೋಚ್ ನ್ಯಾಟ್ ಹೋಲ್ಮನ್. ಎನ್‌ಐಟಿಯಲ್ಲಿ ಅವರು ಕೆಂಟಕಿಯನ್ನು 89-50ರಿಂದ ಸೋಲಿಸಿದ್ದನ್ನು ನ್ಯೂಯಾರ್ಕಿನ ಹಳಬರು ಬಹಳ ಕಾಲ ಮಾತಾಡಿಕೊಳ್ಳುತ್ತಿದ್ದರು. ಅವರ ನಂತರ ಯಾವ ತಂಡವೂ ಒಂದೇ ವರ್ಷ ಎರಡನ್ನೂ ಗೆದ್ದಿಲ್ಲ, ಇನ್ನು ಗೆಲ್ಲುವುದಕ್ಕೂ ಆಗುವುದಿಲ್ಲ.

ಮರುವರ್ಷವೇ ಎಲ್ಲ ಕುಸಿಯಿತು. ಆಟಗಾರರು ಜೂಜುಕೋರರಿಂದ ದುಡ್ಡು ತೆಗೆದುಕೊಂಡು ಗೆಲುವಿನ ಅಂತರ ಕಡಿಮೆ ಮಾಡುತ್ತಿದ್ದರು ಅನ್ನುವುದು 1951ರಲ್ಲಿ ಬಯಲಾಯಿತು. ಸಿಟಿ ಕಾಲೇಜ್, ಲಾಂಗ್ ಐಲೆಂಡ್, ನ್ಯೂಯಾರ್ಕ್ ಯೂನಿವರ್ಸಿಟಿ, ಮ್ಯಾನ್‌ಹಟನ್ ಕಾಲೇಜ್, ಹಾಗೆಯೇ ನ್ಯೂಯಾರ್ಕ್ ಆಚೆಯ ಬ್ರಾಡ್ಲಿ, ಕೆಂಟಕಿ, ಟೊಲೀಡೊ. ಒಟ್ಟು ಏಳು ಕಾಲೇಜುಗಳ ಹೆಸರು ಬಂತು. ಗಾರ್ಡನ್ ಮೇಲೆ ದೇಶಕ್ಕಿದ್ದ ನಂಬಿಕೆ ಹೋಯಿತು. 1943ರಿಂದ 1950ರ ನಡುವೆ ಏಳು ಸಲ ಎನ್‌ಸಿಎಎ ಫೈನಲ್ ಅಲ್ಲೇ ನಡೆದಿತ್ತು. ಅದಾದ ಮೇಲೆ ಒಂದು ಸಲವೂ ನಡೆದಿಲ್ಲ.

ಇಲ್ಲಿ ಎನ್‌ಐಟಿ ಪರವಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಒಂದೇ ಊರಿನ, ಒಂದೇ ಕಟ್ಟಡದ, ಒಂದು ಸಣ್ಣ ಗುಂಪಿನ ಆಯ್ಕೆಯ ಮೇಲೆ ನಿಂತ ಟೂರ್ನಿ ಅದು. ಎನ್‌ಸಿಎಎ ಬೇರೆ ದಾರಿ ಹಿಡಿಯಿತು. ಆಯಾ ಪ್ರಾಂತ್ಯದ ಚಾಂಪಿಯನ್‌ಗಳಿಗೆ ಜಾಗ ಕೊಟ್ಟಿತು, ಫೈನಲ್ ಅನ್ನು ಊರಿಂದ ಊರಿಗೆ ಕೊಂಡೊಯ್ದಿತು. ರಾಷ್ಟ್ರೀಯ ಚಾಂಪಿಯನ್ ಯಾರು ಅನ್ನುವುದಕ್ಕೆ ಅದು ಕೊಟ್ಟ ಉತ್ತರ ಹೆಚ್ಚು ನ್ಯಾಯವಾದದ್ದು. ಜನ ಅತ್ತ ವಾಲಿದರೆ ಅದು ಸಹಜ. ಒಂದೇ ತಂಡ ಎರಡೂ ಕಡೆ ಆಡುವುದನ್ನೂ ಎನ್‌ಸಿಎಎ ನಿಲ್ಲಿಸಿತು. ವಿದ್ಯಾರ್ಥಿಗಳು ಎಷ್ಟು ಪಂದ್ಯ ಆಡಬಹುದು ಅನ್ನುವುದಕ್ಕೆ ಒಂದು ಮಿತಿ ಬೇಕು ಅಂದರೆ ಅದನ್ನೂ ಒಪ್ಪಬಹುದು.

ಹೀಗಿದ್ದರೂ ಎನ್‌ಐಟಿ ಸಾಯಲಿಲ್ಲ. ಯಾಕೆಂದರೆ ಎನ್‌ಸಿಎಎ ಆಗ ಒಂದು ಕಾನ್ಫರೆನ್ಸ್‌ನಿಂದ, ಅಂದರೆ ತಮ್ಮತಮ್ಮಲ್ಲಿ ಲೀಗ್ ಆಡುವ ಕಾಲೇಜುಗಳ ಒಂದು ಗುಂಪಿನಿಂದ, ಒಂದೇ ತಂಡವನ್ನು ಕರೆಯುತ್ತಿತ್ತು. ಎರಡನೇ ಸ್ಥಾನದ ತಂಡ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಅಲ್ಲಿ ಜಾಗ ಇರಲಿಲ್ಲ. 1967ರಲ್ಲಿ ಸದರ್ನ್ ಇಲಿನಾಯ್ ಅನ್ನುವ ಅಷ್ಟೇನೂ ಹೆಸರಿಲ್ಲದ ತಂಡ ಗಾರ್ಡನ್‌ಗೆ ಬಂದು ಎನ್‌ಐಟಿ ಗೆದ್ದಿತು. ಆ ತಂಡದ ವಾಲ್ಟ್ ಫ್ರೇಜಿಯರ್‌ನನ್ನು ಅದೇ ವರ್ಷ ನಿಕ್ಸ್ ಆರಿಸಿಕೊಂಡಿತು. ಗಾರ್ಡನ್‌ನಲ್ಲಿ ಆಡಿದರೆ ದೇಶ ನೋಡುತ್ತದೆ ಅನ್ನುವ ಮಾತು ಆಗಲೂ ನಿಜವಾಗಿತ್ತು.

ಮಾರ್ಕೆಟ್ ಯೂನಿವರ್ಸಿಟಿ ಬೇಡ ಅಂದದ್ದು

ಪ್ರಕರಣದ ನಿಜವಾದ ತಿರುವು 1970ರಲ್ಲಿದೆ. ಮಿಲ್ವಾಕಿ ಊರಿನ ಮಾರ್ಕೆಟ್ ಯೂನಿವರ್ಸಿಟಿ ಆ ವರ್ಷ ದೇಶದ ಮೊದಲ ಹತ್ತು ತಂಡಗಳಲ್ಲಿ ಒಂದು. ಕೋಚ್ ಆಲ್ ಮಗ್ವಾಯರ್, ನ್ಯೂಯಾರ್ಕಿನ ಹುಡುಗ, ಸೇಂಟ್ ಜಾನ್ಸ್‌ನಲ್ಲಿ ಆಡಿದವನು. ಎನ್‌ಸಿಎಎ ಅವರನ್ನು ಕರೆಯಿತು, ಆದರೆ ಮನೆಗೆ ಹತ್ತಿರವಿದ್ದ ಒಹಾಯೊದ ಡೇಟನ್ ಬಿಟ್ಟು ದೂರದ ಟೆಕ್ಸಸ್‌ನ ಫೋರ್ಟ್ ವರ್ತ್‌ಗೆ ಹಾಕಿತು. ಮಗ್ವಾಯರ್ ಸಿಟ್ಟಾದ. ಬರುವುದಿಲ್ಲ ಅಂದ. ತಂಡವನ್ನು ಎನ್‌ಐಟಿಗೆ ಕರೆದುಕೊಂಡು ಹೋದ.

ಅಲ್ಲಿ ಸೆಮಿಫೈನಲ್‌ನಲ್ಲಿ ಎದುರಾದದ್ದು ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು), ಅಂದರೆ ಪೀಟ್ ಮಾರವಿಚ್ ತಂಡ. ಮೇಲಿನ ದರ್ಜೆಯ ಕಾಲೇಜು ಆಟದಲ್ಲಿ ಅಷ್ಟು ಪಾಯಿಂಟ್ ಗಳಿಸಿದವರು ಅದುವರೆಗೆ ಇರಲಿಲ್ಲ. ಮಾರ್ಕೆಟ್ 101-79ರಿಂದ ಗೆದ್ದಿತು. ಫೈನಲ್‌ನಲ್ಲಿ ಮಗ್ವಾಯರ್‌ನ ಹಳೆಯ ಕಾಲೇಜು ಸೇಂಟ್ ಜಾನ್ಸ್ ಎದುರು 65-53ರ ಗೆಲುವು. ಟೂರ್ನಿಯ ಅತ್ಯುತ್ತಮ ಆಟಗಾರ ಡೀನ್ ಮೆಮಿಂಜರ್, ಅವನೂ ನ್ಯೂಯಾರ್ಕಿನವನೇ.

ಒಂದು ತಂಡ ಹೀಗೆ ಮಾಡಿದರೆ ನಾಳೆ ಇನ್ನೊಂದು ಮಾಡಬಹುದು, ಅಲ್ವಾ. ಎನ್‌ಸಿಎಎಗೆ ಅದು ಅರ್ಥವಾಯಿತು. ನಿಯಮ ಬಿಗಿಯಾಯಿತು. ಎನ್‌ಸಿಎಎ ಕರೆದರೆ ತಂಡ ಅಲ್ಲೇ ಆಡಬೇಕು. ಬೇಡ ಅಂದರೆ ಆ ವರ್ಷ ಸೀಸನ್ ನಂತರದ ಯಾವ ಟೂರ್ನಿಯಲ್ಲೂ ಆಡುವಂತಿಲ್ಲ. ಕರೆದರೆ ಬರಲೇಬೇಕು, ಇಲ್ಲವಾದರೆ ಮನೆಯಲ್ಲಿರಬೇಕು. ಇಡೀ ದಾವೆ ಮುಖ್ಯವಾಗಿ ನಿಂತದ್ದು ಈ ನಿಯಮದ ಮೇಲೆ.

ಇದರ ಜೊತೆಗೆ ಇನ್ನೊಂದು ಕೆಲಸ ನಡೆಯಿತು. 1974ರಲ್ಲಿ ಮೇರಿಲ್ಯಾಂಡ್ ತಂಡ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ನಾರ್ತ್ ಕರೊಲೈನಾ ಸ್ಟೇಟ್‌ಗೆ ಹೆಚ್ಚುವರಿ ಸಮಯದಲ್ಲಿ 103-100ರಿಂದ ಸೋತಿತು. ಗೆದ್ದ ತಂಡ ಮುಂದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಮೂರು ಪಾಯಿಂಟ್ ಅಂತರದಲ್ಲಿ ಸೋತವರಿಗೆ ಎನ್‌ಸಿಎಎ ಟೂರ್ನಿಯಲ್ಲಿ ಜಾಗವೇ ಇಲ್ಲ. ಇದು ತಪ್ಪು ಅಂತ ಎಲ್ಲರಿಗೂ ಅನ್ನಿಸಿತು. 1975ರಿಂದ ಟೂರ್ನಿ 32 ತಂಡಗಳದ್ದಾಯಿತು, ಒಂದು ಕಾನ್ಫರೆನ್ಸ್‌ನಿಂದ ಒಂದಕ್ಕಿಂತ ಹೆಚ್ಚು ತಂಡ ಬರಬಹುದು ಅಂತಾಯಿತು. 1979ರಲ್ಲಿ 40, 1980ರಲ್ಲಿ 48, 1985ರಲ್ಲಿ 64, 2001ರಲ್ಲಿ 65. ಒಂದೊಂದು ಸಲ ಸಂಖ್ಯೆ ಏರಿದಾಗಲೂ ಎನ್‌ಐಟಿಗೆ ಉಳಿಯುವ ತಂಡಗಳ ಮಟ್ಟ ಒಂದು ಮೆಟ್ಟಿಲು ಇಳಿಯಿತು. ಮೇಲಿನ 64 ತಂಡಗಳಿಗೆ ಬೇರೆ ದಾರಿ ಇಲ್ಲ, ಉಳಿದವರಲ್ಲಿ ಆರಿಸಿಕೋ ಅಂದ ಹಾಗಾಯಿತು.

ದಾವೆ

2001ರಲ್ಲಿ ಎಂಐಬಿಎ ಕೋರ್ಟಿಗೆ ಹೋಯಿತು. ಆಧಾರ 1890ರ ಶರ್ಮನ್ ಕಾಯ್ದೆ. ವ್ಯಾಪಾರದಲ್ಲಿ ಪೈಪೋಟಿಯನ್ನು ಕಟ್ಟಿಹಾಕುವ ಒಪ್ಪಂದಗಳನ್ನು, ಏಕಸ್ವಾಮ್ಯವನ್ನು ತಡೆಯುವ ಕಾನೂನು ಅದು. ಕೇಸು ಬಂದದ್ದು ನ್ಯಾಯಾಧೀಶೆ ಮಿರಿಯಮ್ ಗೋಲ್ಡ್‌ಮನ್ ಸೀಡರ್‌ಬಾಮ್ ಅವರ ಮುಂದೆ. ಎಂಐಬಿಎ ವಕೀಲ ಜೆಫ್ರಿ ಕೆಸ್ಲರ್.

ಅವರ ವಾದ ಸರಳ. ಎನ್‌ಸಿಎಎ ಎರಡು ವೇಷದಲ್ಲಿದೆ. ಒಂದು, ಎಲ್ಲ ಕಾಲೇಜುಗಳಿಗೆ ನಿಯಮ ಮಾಡುವ ಸಂಸ್ಥೆ. ಇನ್ನೊಂದು, ಟೂರ್ನಿ ನಡೆಸಿ ಟಿವಿ ಹಕ್ಕು ಮಾರುವ ವ್ಯಾಪಾರಿ. ಮೊದಲನೆಯ ಅಧಿಕಾರವನ್ನು ಬಳಸಿ ಎರಡನೆಯ ವ್ಯಾಪಾರದ ಎದುರಾಳಿಯನ್ನು ಮುಗಿಸುತ್ತಿದೆ. ಕಡ್ಡಾಯ ನಿಯಮ, ಒಂದೇ ಟೂರ್ನಿ ಆಡಬೇಕು ಅನ್ನುವ ನಿಯಮ, ಟೂರ್ನಿಯ ತಂಡಗಳ ಸಂಖ್ಯೆ ಹಿಗ್ಗಿಸಿದ್ದು, ಎಲ್ಲವನ್ನೂ ಒಟ್ಟಿಗೆ ನೋಡಿ ಅಂತ ಅವರು ಕೇಳಿದರು.

ಎನ್‌ಸಿಎಎ ಕಡೆಯ ಉತ್ತರವೂ ಹಗುರವಾದದ್ದಲ್ಲ. ನಿಯಮ ಮಾಡಿದ್ದು ಸದಸ್ಯ ಕಾಲೇಜುಗಳೇ, ಆ ಐದು ಕಾಲೇಜುಗಳೂ ಸದಸ್ಯರೇ. ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಂದ ಮೇಲೆ ಅಲ್ಲಿ ಅತ್ಯುತ್ತಮ ತಂಡಗಳೆಲ್ಲ ಇರಬೇಕು, ಇಲ್ಲದಿದ್ದರೆ ಆ ಪಟ್ಟಕ್ಕೆ ಬೆಲೆ ಇಲ್ಲ. ತಂಡಗಳು ನಮ್ಮ ಟೂರ್ನಿಗೆ ಬರುವುದು ಅದು ದೊಡ್ಡದಾದ್ದರಿಂದ.

ಈ ಕೊನೆಯ ಮಾತಿನಲ್ಲಿಯೇ ಒಂದು ಬಿರುಕಿದೆ ಅಂತ ನನಗನ್ನಿಸುತ್ತದೆ. ಎಲ್ಲರೂ ಖುಷಿಯಿಂದ ಬರುತ್ತಾರೆ ಅನ್ನುವುದಾದರೆ ಬರಲೇಬೇಕು ಅನ್ನುವ ನಿಯಮ ಯಾಕೆ ಬೇಕು? ನಿಯಮ ಇಲ್ಲದಿದ್ದರೂ ಮೊದಲ ಇಪ್ಪತ್ತು ತಂಡಗಳು ಎನ್‌ಐಟಿಗೆ ಹೋಗುತ್ತಿರಲಿಲ್ಲ, ಅದು ಗೊತ್ತಿರುವ ವಿಷಯ. ಆದರೆ ಎನ್‌ಸಿಎಎ ಟೂರ್ನಿಯ ತಂಡಗಳ ಪಟ್ಟಿಯ ಕೆಳಭಾಗದಲ್ಲಿ ಜಾಗ ಸಿಕ್ಕಿ, ಎರಡು ಸಾವಿರ ಮೈಲಿ ದೂರ ಹೋಗಿ, ಮೊದಲ ಸುತ್ತಿನಲ್ಲಿ ಬಲಾಢ್ಯ ತಂಡದ ಕೈಯಲ್ಲಿ ಸೋತು ಬರುವ ಬದಲು, ಕೆಲವು ಪಂದ್ಯ ಗೆದ್ದು ನ್ಯೂಯಾರ್ಕಿನಲ್ಲಿ ಕಪ್ ಎತ್ತುವ ಅವಕಾಶ ಇಟ್ಟರೆ ಕೆಲವರಾದರೂ ಯೋಚಿಸುತ್ತಿದ್ದರು. ಅಷ್ಟು ಪೈಪೋಟಿ ಸಾಕಿತ್ತು. ಕೋಚ್‌ಗಳಿಗೆ ಒಂದು ಹಿಡಿತ ಸಿಗುತ್ತಿತ್ತು, ಎನ್‌ಸಿಎಎ ಕೂಡ ತಂಡಗಳನ್ನು ಎಲ್ಲಿಗೆ ಹಾಕುತ್ತೇವೆ ಅನ್ನುವುದನ್ನು ಹೆಚ್ಚು ಎಚ್ಚರಿಕೆಯಿಂದ ನೋಡುತ್ತಿತ್ತು.

ಸಂಖ್ಯೆ ಹಿಗ್ಗಿಸಿದ್ದರ ಬಗ್ಗೆ ಮಾತ್ರ ನಾನು ಎಂಐಬಿಎ ಜೊತೆಗಿಲ್ಲ. 64 ತಂಡಗಳ ಟೂರ್ನಿ ಸಣ್ಣ ಸಣ್ಣ ಕಾಲೇಜುಗಳಿಗೆ ಬಾಗಿಲು ತೆರೆಯಿತು. ಅದರಿಂದ ನೋಡುವವರಿಗೂ ಲಾಭ, ಆಡುವವರಿಗೂ ಲಾಭ. ತನ್ನ ಸರಕನ್ನು ಉತ್ತಮ ಮಾಡಿಕೊಳ್ಳುವುದು ತಪ್ಪಾಗಲಾರದು. ಎರಡು ವಿಷಯವನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಅವರ ಬಲವಾದ ವಾದಕ್ಕೆ ಪೆಟ್ಟು ಬಿತ್ತು ಅಂತ ನನ್ನ ಅನಿಸಿಕೆ.

ಎನ್‌ಸಿಎಎಗೆ ಭಯ ಇರಲಿಲ್ಲ ಅಂತೇನಲ್ಲ. 1984ರಲ್ಲಿ ಫುಟ್‌ಬಾಲ್ ಟಿವಿ ಹಕ್ಕುಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಅದರ ವಿರುದ್ಧ ತೀರ್ಪು ಕೊಟ್ಟಿತ್ತು. ಅದೇ ಶರ್ಮನ್ ಕಾಯ್ದೆ. ಈ ಕಾನೂನಿನಡಿ ಸೋತರೆ ನಷ್ಟದ ಮೂರು ಪಟ್ಟು ಕಟ್ಟಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ನಿಯಮದ್ದು. 1999ರಲ್ಲಿ ಸಿಬಿಎಸ್ ಟಿವಿ ವಾಹಿನಿ ಜೊತೆ 11 ವರ್ಷಕ್ಕೆ 600 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ್ದರು, 2003ರಿಂದ ಅದು ಜಾರಿಯಲ್ಲಿತ್ತು. ಸಂಸ್ಥೆಯ ಆದಾಯದ ಬಹುಪಾಲು ಬರುವುದು ಇದೇ ಟೂರ್ನಿಯಿಂದ. ಅದರ ಬುಡದಲ್ಲಿರುವ ನಿಯಮವನ್ನು ಕೋರ್ಟು ಅಲುಗಾಡಿಸಿದರೆ ಮುಂದೇನು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 600 ಕೋಟಿಯ ಎದುರು 5.65 ಕೋಟಿ. ಶೇಕಡಾ ಒಂದಕ್ಕಿಂತಲೂ ಕಡಿಮೆ. ಅದನ್ನೂ ಒಂದೇ ಸಲ ಕೊಡಬೇಕಾಗಿರಲಿಲ್ಲ, ಹತ್ತು ವರ್ಷದಲ್ಲಿ ಕೊಡುವುದು ಅಂತಾಯಿತು. ಎನ್‌ಸಿಎಎ ಅಧ್ಯಕ್ಷ ಮೈಲ್ಸ್ ಬ್ರ್ಯಾಂಡ್ ಕಾಲದಲ್ಲಿ ಆದ ಒಪ್ಪಂದಗಳಲ್ಲಿ ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ ಅಂತ ನಾನಂತೂ ಧೈರ್ಯವಾಗಿ ಹೇಳುತ್ತೇನೆ.

ಹಾಗಂತ ಐದು ಕಾಲೇಜುಗಳನ್ನು ದೂರುವುದು ಸುಲಭ, ನ್ಯಾಯವಲ್ಲ. ಅವರ ಸ್ಥಾನದಲ್ಲಿ ನಿಂತು ನೋಡಿ. ನಾಲ್ಕು ವರ್ಷ ವಕೀಲರ ಖರ್ಚು. ಗೆದ್ದರೂ ಮೇಲ್ಮನವಿ, ಇನ್ನೂ ನಾಲ್ಕು ವರ್ಷ. ಗೆಲುವು ಖಾತ್ರಿಯೂ ಇಲ್ಲ, ಯಾಕೆಂದರೆ ನಿಯಮ ಇಲ್ಲದಿದ್ದರೆ ಯಾವ ತಂಡ ಬರುತ್ತಿತ್ತು, ಅದರಿಂದ ಎಷ್ಟು ದುಡ್ಡು ಬರುತ್ತಿತ್ತು ಅಂತ ಸಾಬೀತು ಮಾಡುವುದು ಬಹಳ ಕಷ್ಟ. ಆಗದೇ ಹೋದ ಪಂದ್ಯಗಳಿಗೆ ಲೆಕ್ಕ ಎಲ್ಲಿಂದ ತರುತ್ತೀರಿ? ವ್ಯಾಗ್ನರ್, ಮ್ಯಾನ್‌ಹಟನ್‌ನಂಥ ಸಣ್ಣ ಕಾಲೇಜುಗಳಿಗೆ ಒಂದು ಕೋಟಿ ಡಾಲರ್ ಆಸುಪಾಸಿನ ಪಾಲು ಅಂದರೆ ಕಡಿಮೆ ಮೊತ್ತವಲ್ಲ. ಆದರೆ ಸೋತವರು ಆ ಕಾಲೇಜುಗಳಷ್ಟೇ ಅಲ್ಲ, ಮುಂದೆ ಬರಬಹುದಾಗಿದ್ದ ಎಲ್ಲ ಪೈಪೋಟಿ ಟೂರ್ನಿಗಳೂ ಸೋತವು. ಅವರಿಗೆ ಆ ಮೇಜಿನ ಮುಂದೆ ಕುರ್ಚಿ ಇರಲಿಲ್ಲ.

ಕೊಂಡ ಮೇಲೆ

ಮೊದಲ ಕೆಲವು ವರ್ಷ ಎನ್‌ಸಿಎಎ ಟೂರ್ನಿಯನ್ನು ಚೆನ್ನಾಗಿಯೇ ನಡೆಸಿತು, ಅದನ್ನು ಒಪ್ಪಬೇಕು. 40 ತಂಡಗಳಿದ್ದದ್ದನ್ನು 2007ರಲ್ಲಿ 32ಕ್ಕೆ ಇಳಿಸಿತು. ಯಾವುದೇ ಕಾನ್ಫರೆನ್ಸ್‌ನ ಲೀಗ್ ಪಂದ್ಯಗಳಲ್ಲಿ ಮೊದಲ ಸ್ಥಾನ ಪಡೆದು, ಆಮೇಲಿನ ಕಾನ್ಫರೆನ್ಸ್ ಟೂರ್ನಿಯಲ್ಲಿ ಒಂದು ದಿನ ಎಡವಿ ಎನ್‌ಸಿಎಎ ಜಾಗ ಕಳೆದುಕೊಂಡ ತಂಡಕ್ಕೆ ಎನ್‌ಐಟಿಯಲ್ಲಿ ಖಾಯಂ ಜಾಗ ಕೊಟ್ಟಿತು. ಇಡೀ ಚಳಿಗಾಲ ಬೆವರು ಸುರಿಸಿದ ಸಣ್ಣ ತಂಡಕ್ಕೆ ಅದು ದೊಡ್ಡ ಮರ್ಯಾದೆ. ಹೊಸ ನಿಯಮಗಳನ್ನು ಪ್ರಯೋಗ ಮಾಡಿದ್ದೂ ಇಲ್ಲೇ. 2018ರಲ್ಲಿ ಮೂರು ಪಾಯಿಂಟ್ ಗೆರೆಯನ್ನು ಅಂತರರಾಷ್ಟ್ರೀಯ ಅಳತೆಗೆ ಹಿಂದೆ ಸರಿಸಿ, ಪಂದ್ಯವನ್ನು ಹತ್ತು ನಿಮಿಷದ ನಾಲ್ಕು ಭಾಗ ಮಾಡಿ ಆಡಿಸಿದರು. ಮುಂದಿನ ವರ್ಷದ ಸೀಸನ್‌ನಿಂದ ಆ ಗೆರೆ ಮೇಲಿನ ದರ್ಜೆಯ ಪುರುಷರ ಪಂದ್ಯಗಳಿಗೆಲ್ಲ ಬಂತು.

ಆದರೆ ಬೇರು ಕಿತ್ತ ಗಿಡದ ಹಾಗೆ ಟೂರ್ನಿ ನಿಧಾನವಾಗಿ ಒಣಗುತ್ತಾ ಬಂತು. 2022ರಲ್ಲಿ ಕೊನೆಯ ಸಲ ಗಾರ್ಡನ್‌ನಲ್ಲಿ ಫೈನಲ್ ನಡೆಯಿತು, ಜೇವಿಯರ್ ತಂಡ ಟೆಕ್ಸಸ್ ಎ ಆ್ಯಂಡ್ ಎಂ ಎದುರು 73-72ರಿಂದ ಗೆದ್ದಿತು. 2023ರಲ್ಲಿ ಲಾಸ್ ವೇಗಸ್. ಆಮೇಲೆ ಇಂಡಿಯಾನಾಪೊಲಿಸ್‌ನ ಹಿಂಕಲ್ ಫೀಲ್ಡ್‌ಹೌಸ್.

2023ರ ಅಕ್ಟೋಬರ್‌ನಲ್ಲಿ ಆದದ್ದು ನನಗೆ ಇಂದಿಗೂ ಬೇಸರದ ಸಂಗತಿ. ಫಾಕ್ಸ್ ವಾಹಿನಿ ಲಾಸ್ ವೇಗಸ್‌ನಲ್ಲಿ ಹೊಸ ಟೂರ್ನಿ ಮಾಡುತ್ತದೆ, ದೊಡ್ಡ ಕಾನ್ಫರೆನ್ಸ್‌ಗಳ ತಂಡಗಳನ್ನು ಸೆಳೆಯುತ್ತದೆ ಅನ್ನುವ ಸುದ್ದಿ ಹರಡಿತ್ತು. ಆ ತಂಡಗಳು ಕೈತಪ್ಪದಿರಲಿ ಅಂತ ಎನ್‌ಸಿಎಎ ಸಣ್ಣ ಚಾಂಪಿಯನ್‌ಗಳಿಗಿದ್ದ ಖಾಯಂ ಜಾಗವನ್ನು ತೆಗೆದುಹಾಕಿತು. ಆರು ದೊಡ್ಡ ಕಾನ್ಫರೆನ್ಸ್‌ಗಳಿಗೆ ತಲಾ ಎರಡು ಜಾಗ, ಅದೂ ಸ್ವಂತ ಊರಿನಲ್ಲಿ ಮೊದಲ ಪಂದ್ಯದ ಭರವಸೆಯೊಂದಿಗೆ.

2024ರ ಮಾರ್ಚ್‌ನಲ್ಲಿ ಅದರ ಫಲ ಕಾಣಿಸಿತು. ಸೇಂಟ್ ಜಾನ್ಸ್, ಇಂಡಿಯಾನಾ, ಪಿಟ್ಸ್‌ಬರ್ಗ್, ಒಕ್ಲಹೋಮ, ಮೆಂಫಿಸ್, ಒಂದರ ಹಿಂದೆ ಒಂದು ತಂಡ ಎನ್‌ಐಟಿಗೆ ಬರುವುದಿಲ್ಲ ಅಂದವು. ಸೀಸನ್ ಮುಗಿದ ಕೂಡಲೇ ಆಟಗಾರರು ಕಾಲೇಜು ಬದಲಾಯಿಸುವ ಅವಕಾಶ ಆಗ ತೆರೆಯುತ್ತಿತ್ತು, ಕೋಚ್‌ಗಳಿಗೆ ಅದೇ ಮುಖ್ಯವಾಗಿತ್ತು. ಸೇಂಟ್ ಜಾನ್ಸ್ ಹೆಸರು ಮತ್ತೊಮ್ಮೆ ಗಮನಿಸಿ. ಎನ್‌ಐಟಿಯನ್ನು ಅತಿ ಹೆಚ್ಚು ಸಲ ಗೆದ್ದ ಕಾಲೇಜು, ದಾವೆ ಹೂಡಿದ ಐದರಲ್ಲಿ ಒಂದು.

ಯಾರ ಖಾಯಂ ಜಾಗ ಹೋಗಿತ್ತೋ ಅಂಥವರಲ್ಲಿ ಒಂದಾದ ಇಂಡಿಯಾನಾ ಸ್ಟೇಟ್ ಬಂದಿತು. ಹೆಸರಾಂತ ಆಟಗಾರ ಲ್ಯಾರಿ ಬರ್ಡ್ ಓದಿದ ಟೆರೆ ಹೋಟ್ ಊರಿನ ಕಾಲೇಜು. 28 ಗೆಲುವು, 6 ಸೋಲು, ಮಿಸೌರಿ ವ್ಯಾಲಿ ಲೀಗ್‌ನಲ್ಲಿ ಮೊದಲ ಸ್ಥಾನ. ಕಾನ್ಫರೆನ್ಸ್ ಫೈನಲ್‌ನಲ್ಲಿ ಡ್ರೇಕ್‌ಗೆ 84-80ರಿಂದ ಸೋತರು, ಅಷ್ಟಕ್ಕೇ ದೊಡ್ಡ ಟೂರ್ನಿಯ ಬಾಗಿಲು ಮುಚ್ಚಿತು. ಕನ್ನಡಕ ಹಾಕಿಕೊಂಡು ಆಡುವ ರಾಬಿ ಆವಿಲಾ ಅನ್ನುವ ಎತ್ತರದ ಹುಡುಗ ಆ ತಂಡದ ಜೀವಾಳ, ಬ್ಯಾಸ್ಕೆಟ್ ಹತ್ತಿರ ನಿಂತು ಬಾಲನ್ನು ಹಿಂದಿನಿಂದ, ಪಕ್ಕದಿಂದ ಪಾಸ್ ಮಾಡುತ್ತಿದ್ದ. ಸೆಮಿಫೈನಲ್‌ನಲ್ಲಿ ಯೂಟಾ ಎದುರು 100-90ರ ಗೆಲುವು. ಹಿಂಕಲ್ ತುಂಬಾ ನೀಲಿ ಬಟ್ಟೆಯ ಜನ. ಫೈನಲ್‌ನಲ್ಲಿ ಸೀಟನ್ ಹಾಲ್ ಎದುರು 79-77ರಿಂದ ಸೋತರು. ಅಂಥ ಫೈನಲ್ ಕೊಟ್ಟ ಟೂರ್ನಿಗೆ ಬೆಲೆ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

2025ರಲ್ಲಿ ಫಾಕ್ಸ್‌ನ ಹೊಸ ಟೂರ್ನಿ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಕ್ರೌನ್ ಲಾಸ್ ವೇಗಸ್‌ನಲ್ಲಿ ಶುರುವಾಯಿತು. 16 ತಂಡ, ಒಟ್ಟು 5 ಲಕ್ಷ ಡಾಲರ್ ಬಹುಮಾನ, ಅದೂ ಆಟಗಾರರಿಗೆ. ಗೆದ್ದ ನೆಬ್ರಾಸ್ಕಾ ಪಾಲಿಗೆ 3 ಲಕ್ಷ. ಆಟಗಾರರಿಗೆ ಹೀಗೆ ದುಡ್ಡು ಕೊಡುವುದು 2005ರಲ್ಲಿ ಯೋಚಿಸಲೂ ಆಗದ ಮಾತು. 2021ರಲ್ಲಿ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಕೇಸಿನಲ್ಲಿ 9-0ರಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಆಟಗಾರರಿಗೆ ಹಳೆಯ ಬಾಕಿಯಾಗಿ 280 ಕೋಟಿ ಡಾಲರ್ ಕೊಡುವ ಇನ್ನೊಂದು ರಾಜಿಗೆ 2025ರ ಜೂನ್‌ನಲ್ಲಿ ಕೋರ್ಟಿನ ಒಪ್ಪಿಗೆ ಸಿಕ್ಕಿತು. ಎರಡೂ ಶರ್ಮನ್ ಕಾಯ್ದೆಯಡಿ ಬಂದ ಕೇಸುಗಳು, ಎರಡರಲ್ಲೂ ಆಟಗಾರರ ಪರ ಕೆಲಸ ಮಾಡಿದ ಪ್ರಮುಖ ವಕೀಲರಲ್ಲಿ ಒಬ್ಬ ಅದೇ ಜೆಫ್ರಿ ಕೆಸ್ಲರ್.

ಈಗ ಎನ್‌ಐಟಿಯ ಮಾಲೀಕನಾಗಿ ಎನ್‌ಸಿಎಎ ಪೈಪೋಟಿ ಎದುರಿಸಬೇಕು. ತಂಡಗಳನ್ನು ಎನ್‌ಐಟಿಗೆ ಬರಲೇಬೇಕು ಅಂತ ಕಟ್ಟಿಹಾಕುವ ನಿಯಮ ಇಲ್ಲಿ ಇಲ್ಲ. ದೊಡ್ಡವರು ದುಡ್ಡಿರುವ ಕಡೆ ಹೋಗುತ್ತಾರೆ, ಅವರನ್ನು ಓಲೈಸಿ ಪ್ರಯೋಜನ ಇಲ್ಲ. ನನ್ನ ಕೈಯಲ್ಲಿದ್ದರೆ ಎರಡು ಕೆಲಸ ಮಾಡುತ್ತಿದ್ದೆ. ಲೀಗ್ ಗೆದ್ದ ಪ್ರತಿಯೊಂದು ಸಣ್ಣ ತಂಡಕ್ಕೂ ಯಾವ ಷರತ್ತೂ ಇಲ್ಲದೆ, ಮೊದಲಿನ ಹಾಗೆ ಜಾಗ ಮರಳಿ ಕೊಡುತ್ತಿದ್ದೆ. ಸೆಮಿಫೈನಲ್, ಫೈನಲ್ ಮೂರೂ ಪಂದ್ಯಗಳನ್ನು ಗಾರ್ಡನ್‌ಗೆ ವಾಪಸ್ ಒಯ್ಯುತ್ತಿದ್ದೆ, ಬಾಡಿಗೆ ಎಷ್ಟೇ ಜಾಸ್ತಿ ಆಗಲಿ. 2025ರ ಎನ್‌ಐಟಿ ಫೈನಲ್‌ನಲ್ಲಿ ಚಾಟನೂಗಾ ತಂಡ ಯುಸಿ ಅರ್ವೈನ್ ಎದುರು ಹೆಚ್ಚುವರಿ ಸಮಯದಲ್ಲಿ 85-84ರಿಂದ ಗೆದ್ದಿತು. ಎರಡೂ ಸಣ್ಣ ಕಾನ್ಫರೆನ್ಸ್‌ಗಳ ತಂಡಗಳು. ಆ ಹುಡುಗರು ಆ ಪಂದ್ಯವನ್ನು ನ್ಯೂಯಾರ್ಕಿನಲ್ಲಿ ಆಡಬೇಕಿತ್ತು.